ಮುಳ್ಳಿನ ಮನಿ

ಅವರ ಬಲಗಣ್ಣಿನ ಸುತ್ತ ಒಂದು ಉಂಗುರವಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ ವರ್ಷಗಟ್ಟಲೆ ಒತ್ತಿ ಒತ್ತಿ, ಹುಬ್ಬಿನ ಕೆಳಗೂ ಕೆನ್ನೆಯ ಎಲುಬಿನ ಮೇಲೂ ಚರ್ಮ ತಗ್ಗಾಗಿ ಬಣ್ಣಗೆಟ್ಟಿತ್ತು. ಅದನ್ನು ತೆಗೆದಿಟ್ಟ ಮೇಲೂ ಉಂಗುರ ಹಾಗೇ ಇರುತ್ತಿತ್ತು. ಎದುರಿಗೆ ಕೂತು ಮಾತಾಡುವಾಗ ಅವರ ಒಂದು ಕಣ್ಣು ನಮ್ಮ ಜೊತೆಗಿದೆ, ಇನ್ನೊಂದು ಕಣ್ಣು ಯಾವುದೋ ಕಿಂಡಿಯೊಳಗಿಂದ ನೋಡುತ್ತಿದೆ ಅನ್ನಿಸುತ್ತಿತ್ತು. ತವಂದಿ ಘಾಟಿನಲ್ಲಿ ಆ ಮಧ್ಯಾಹ್ನ ಅವರು ನನ್ನ ಕಡೆ ತಿರುಗಿದಾಗ ನನಗೆ ಕಂಡದ್ದು ಆ ಉಂಗುರವೇ. ಮುಖವೆಲ್ಲ ಬೂದಿಯಾಗಿತ್ತು, ಅದೊಂದು ಮಾತ್ರ ಕಪ್ಪಗೆ ಉಳಿದಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಅದು. ಆಮೇಲೆ ಇಳಿಜಾರು.

ನಾವೆಲ್ಲ ಅವರನ್ನು ಮೀಟರ್ ಚಾಚಾ ಅನ್ನುತ್ತಿದ್ದೆವು. ಹಳೆಯ ಜೀಪು, ಬಸ್ಸು, ಲಾರಿ, ಮೋಟಾರ್ ಸೈಕಲ್ಲುಗಳ ಮೀಟರುಗಳ ಮುಖಕ್ಕೆ ಮತ್ತೆ ಅಕ್ಷರ ಬರೆಯುವುದು ಅವರ ಕೆಲಸ. ವೇಗ, ಎಣ್ಣೆ, ನೀರಿನ ಕಾವು, ಬ್ರೇಕಿನ ಗಾಳಿ, ಹೀಗೆ ಒಂದೊಂದಕ್ಕೂ ಅಂಕಿ ಬರೆದ ಒಂದು ದುಂಡು ಬಿಲ್ಲೆ. ಬಿಸಿಲಿಗೆ ಅಂಕಿಗಳು ಉದುರಿಹೋಗಿರುತ್ತವೆ, ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಚಾಚಾ ಅದನ್ನು ಅದರ ಕಾರ್ಖಾನೆಯಿಂದ ಬಂದ ದಿನದ ಹಾಗೆ ಮಾಡಿಕೊಡುತ್ತಿದ್ದರು. ಹಳೆ ಗಾಡಿಗಳ ಹುಚ್ಚಿರುವವರು ಕೊಲ್ಲಾಪುರ, ಸಾಂಗಲಿಗಳಿಂದ ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಿದ್ದರು.

ಅವರ ಅಂಗಡಿ ನಿಪ್ಪಾಣಿಯಲ್ಲಿ, ತಂಬಾಕು ತುಂಬಿಡುವ ವಖಾರಿಗಳ ನಡುವಿನ ಒಂದು ಗಲ್ಲಿಯಲ್ಲಿತ್ತು. ಡಿಗ್ರಿ ಓದುವಾಗ ನಾನು ಎದುರುಮನೆಯಲ್ಲಿ, ನನ್ನ ಸೋದರತ್ತೆಯ ಹತ್ತಿರ ಇದ್ದೆ. ತಂಬಾಕು ಬಡಿಯುವ ಹಂಗಾಮಿನಲ್ಲಿ ಆ ಗಲ್ಲಿಯಲ್ಲಿ ಮನುಷ್ಯರಷ್ಟೇ ಅಲ್ಲ, ನಾಯಿಗಳೂ ಸೀನುತ್ತವೆ. ಒಂದು ಸೀನಿಗೆ ಒಂದು ಅಂಕಿ ಹಾಳು. ಹಾಗಾಗಿ ವಖಾರಿಗೆ ಸೂಟಿ ಇದ್ದ ದಿನವೇ ಚಾಚಾ ಕುಂಚ ಹಿಡಿಯುತ್ತಿದ್ದರು. ಉಳಿದ ದಿನಗಳೆಲ್ಲ ನೋಡುವುದು, ಅಳೆಯುವುದು, ಬಣ್ಣ ಬೆರೆಸುವುದು. ಬಿಳಿ ಬಣ್ಣವನ್ನು ಅವರು ಡಬ್ಬಿಯಿಂದ ನೇರವಾಗಿ ಹಚ್ಚಿದ್ದನ್ನು ನಾನು ನೋಡಲೇ ಇಲ್ಲ. ಅದಕ್ಕೆ ಒಂದು ಹನಿ ಹಳದಿ, ಕಡ್ಡಿತುದಿಯಷ್ಟು ಕಪ್ಪು ಸೇರಿಸಿ ಉಗುರಿನ ಮೇಲೆ ಹಚ್ಚಿ ನೋಡುತ್ತಿದ್ದರು.

"ಇದು ಸುಣ್ಣದ ಬಿಳಿ ಅಲ್ಲ ಬೇಟಾ, ಹಲ್ಲಿನ ಬಿಳಿ," ಅನ್ನುತ್ತಿದ್ದರು. "ಅದೂ ಚಾ ಕುಡಿಯೋರ ಹಲ್ಲು."

ಕುಂಚ ಬಿಲ್ಲೆಗೆ ತಾಗುವ ಮೊದಲು ಉಸಿರು ಬಿಟ್ಟು, ಮತ್ತೆ ತೆಗೆದುಕೊಳ್ಳದೆ ನಿಲ್ಲಿಸುತ್ತಿದ್ದರು. ಒಂದು ಗೆರೆ ಮುಗಿದ ಮೇಲೆಯೇ ಉಸಿರು. ಅಷ್ಟು ಹೊತ್ತು ನನ್ನ ಉಸಿರೂ ನಿಲ್ಲುತ್ತಿತ್ತು. ನಾನು ಹುಟ್ಟಾ ಪುಕ್ಕಲು. ನಮ್ಮೂರು ಶೇಡಬಾಳದಿಂದ ನಿಪ್ಪಾಣಿಗೆ ಬರುವ ಬಸ್ಸು ಸ್ವಲ್ಪ ಜೋರಾಗಿ ಹೋದರೂ ಸೀಟಿನ ಕಂಬಿ ಹಿಡಿದು ಬೆವರುವವಳು. ಅತ್ತೆ ಅದನ್ನು ಗಲ್ಲಿಗೆಲ್ಲ ಹೇಳಿ ನಗುತ್ತಿದ್ದಳು. ಚಾಚಾ ನಗಲಿಲ್ಲ.

"ಡ್ರೈವರ್ ಮಂದಿಗೆ ಒಂದು ಕೆಟ್ಟ ಚಟ ಐತಿ," ಅಂದರು. "ಮುಳ್ಳ ಕೆಟ್ಟ ಸುದ್ದಿ ಹೇಳ್ತಂದ್ರ ಗಾಜಿನ ಮ್ಯಾಲ ಬೆರಳಲೆ ಟಕ್ ಟಕ್ ಬಡೀತಾರ. ಮುಳ್ಳಿಗೇ ಬುದ್ಧಿ ಕೆಟ್ಟೈತಿ ಅನ್ನೂ ಹಂಗ. ಹೆದರಿಕಿನೂ ಒಂದು ಮೀಟರ್ ಬೇಟಾ. ಅದನ್ನ ಬಡೀಬ್ಯಾಡ. ಎಲ್ಲಿ ನಿಂತೈತಿ ಅಂತ ನೋಡು."

ಮೀಟರಿನ ಗಾಜು ಬಡಿಯುವುದನ್ನು ಅವರು ಸಹಿಸುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಬೆರಳು ಎತ್ತಿದರೆ ಸಾಕು, "ಮಗನ ಕಪಾಳಕ್ಕ ಹೊಡದಂಗ ಆಗ್ತೈತ್ರಿ ಸಾಹೇಬ್ರ, ಬ್ಯಾಡ್ರಿ," ಅನ್ನುತ್ತಿದ್ದರು. ಇದನ್ನು ಇಲ್ಲಿ ಬರೆದಿಡುವುದಕ್ಕೆ ಕಾರಣವಿದೆ.

ಅವರದ್ದೇ ಆದ ಇನ್ನೊಂದು ಪದ್ಧತಿ ಇತ್ತು. ಹಳೆಯ ಬಿಲ್ಲೆಯನ್ನು ಒರೆಸುವ ಮೊದಲು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. ಒಮ್ಮೆ ನನಗೂ ಭೂತಗನ್ನಡಿ ಕೊಟ್ಟು ತೋರಿಸಿದರು. ವರ್ಷಾನುಗಟ್ಟಲೆ ಬಿಸಿಲು ಬಿದ್ದು ಬಿಲ್ಲೆಯ ಕಪ್ಪು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಮುಳ್ಳು ಹೆಚ್ಚು ಹೊತ್ತು ನಿಂತ ಜಾಗದಲ್ಲಿ ಅದರ ನೆರಳಿನಲ್ಲಿದ್ದ ಬಣ್ಣ ಮಾಸಿರುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿರುತ್ತದೆ. ಗಾಡಿ ನಿಂತಾಗಿನದು ಒಂದು, ದುಡಿಯುವಾಗಿನದು ಒಂದು.

"ಇದು ಮುಳ್ಳಿನ ಮನಿ," ಅಂದರು, ದುಡಿಯುವಾಗಿನ ಗೆರೆ ತೋರಿಸಿ. "ಗಾಡಿ ಆರಾಮ ಇದ್ದಾಗ ಮುಳ್ಳ ಬಂದು ಇಲ್ಲೇ ಕುಂದರತೈತಿ."

ಬಿಲ್ಲೆಗೆ ಹೊಸ ಕಪ್ಪು ಹಚ್ಚಿ, ಅಕ್ಷರ ಬರೆದು ಮುಗಿಸಿದ ಮೇಲೆ, ಆ ಜಾಗದಲ್ಲಿ ಅವರು ಒಂದು ಸಣ್ಣ ಕೆಂಪು ಗೆರೆ ಎಳೆಯುತ್ತಿದ್ದರು. ಮುಳ್ಳಿಗಿಂತ ಸಣ್ಣದು. ಗಾಡಿ ಚೆನ್ನಾಗಿದ್ದರೆ ಮುಳ್ಳು ಬಂದು ಗೆರೆಯ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತದೆ, ಕಾಣುವುದೇ ಇಲ್ಲ. ಓಡುವಾಗ ಕೆಂಪು ಕಂಡಿತೆಂದರೆ ಏನೋ ಕೆಟ್ಟಿದೆ, ಗಾಡಿ ನಿಲ್ಲಿಸು. ಅಂಕಿ ಓದಲು ಬಾರದವನಿಗೂ ತಿಳಿಯುತ್ತದೆ. ಅದನ್ನು ಅವರು ಯಾರಿಗೂ ಹೇಳಿ ಮಾಡುತ್ತಿರಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದರು.

ನಾನು ಓದು ಮುಗಿಸಿ ಚಿಕ್ಕೋಡಿಯಲ್ಲಿ ಕಾಲೇಜು ಸೇರಿ ಪಾಠ ಹೇಳಲು ಶುರುಮಾಡಿದ ಮೇಲೂ ನಿಪ್ಪಾಣಿಗೆ ಹೋದಾಗಲೆಲ್ಲ ಅವರ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ಹಾಗಾಗಿಯೇ, ನಮ್ಮ ದೊಡ್ಡಪ್ಪ ಅಜ್ಜನ ಬಸ್ಸಿಗೆ ಮತ್ತೆ ಜೀವ ಕೊಡುತ್ತೇನೆಂದು ಹಟ ಹಿಡಿದಾಗ, ಮೀಟರುಗಳ ಕೆಲಸಕ್ಕೆ ಅವರ ಹತ್ತಿರ ಕರೆದುಕೊಂಡು ಹೋದವಳು ನಾನೇ.

ಅಜ್ಜ ಒಂದು ಕಾಲಕ್ಕೆ ಅಥಣಿಯಿಂದ ಕಾಗವಾಡ, ಚಿಕ್ಕೋಡಿ ಮೇಲೆ ನಿಪ್ಪಾಣಿಗೆ ಸ್ವಂತ ಸರ್ವಿಸ್ ಬಸ್ಸು ಓಡಿಸುತ್ತಿದ್ದರು. ಓಡಿ ಓಡಿ ದಣಿದ ಆ ಬಸ್ಸು ಶೇಡಬಾಳದ ನಮ್ಮ ಹೊಲದ ಶೆಡ್ಡಿನಲ್ಲಿ ನಿಂತು, ಅದರಲ್ಲಿ ಕೋಳಿಗಳು ಮರಿ ಮಾಡಿದ್ದವು. ದೊಡ್ಡಪ್ಪ ಅದನ್ನು ನಿಪ್ಪಾಣಿಯ ಒಂದು ಗ್ಯಾರೇಜಿಗೆ ಎಳೆಸಿದರು. ಕೊಲ್ಲಾಪುರದಲ್ಲಿ ಹಳೆ ಗಾಡಿಗಳ ಪ್ರದರ್ಶನವಿತ್ತು; ಅಲ್ಲಿ ಅಜ್ಜನ ಬಸ್ಸು ಅಜ್ಜನ ಕಾಲದಲ್ಲಿ ಇದ್ದ ಹಾಗೇ ನಿಲ್ಲಬೇಕು ಅನ್ನುವುದು ಅವರ ಆಸೆ. ಸೀಟಿನ ಬಟ್ಟೆ, ದೀಪ, ಹಾರ್ನು, ತಳದ ಪೈಪುಗಳು, ಯಾವುದು ಉಳಿದಿದೆಯೋ ಅದನ್ನು ಬದಲಿಸಬಾರದು. "ಮೂಲದ್ದು, ಮೂಲದ್ದು" ಅನ್ನುವ ಶಬ್ದ ಬಿಟ್ಟರೆ ಆ ತಿಂಗಳುಗಳಲ್ಲಿ ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಗಾಳಿ ಬ್ರೇಕಿನ ಮೀಟರು ಎಲ್ಲಕ್ಕಿಂತ ಕೆಟ್ಟಿತ್ತು. ಆ ಬಸ್ಸಿನ ಬ್ರೇಕು ಹಿಡಿಯುವುದು ಗಾಳಿಯ ಒತ್ತಡದಿಂದ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ಹೇಳುವುದು ಆ ಮೀಟರು. ಗಾಳಿ ಇಳಿದರೆ ಕೂಗಿ ಎಚ್ಚರಿಸುವ ಗಂಟೆಗಿಂಟೆ ಆ ಬಸ್ಸಿನಲ್ಲಿ ಇರಲಿಲ್ಲ. ಕಣ್ಣಿಟ್ಟು ಮುಳ್ಳು ನೋಡಬೇಕು, ಅಷ್ಟೇ. ಅದರ ಬಿಲ್ಲೆಯಲ್ಲಿ ಆರರ ಅಂಕಿ ಪೂರ್ತಿ ಉದುರಿಹೋಗಿತ್ತು. ಉಳಿದ ಅಂಕಿಗಳನ್ನು ನೋಡಿ ಆರು ಹೀಗಿದ್ದಿರಬಹುದು ಎಂದು ಬರೆದುಬಿಡಬಹುದಿತ್ತು. ಚಾಚಾ ಒಪ್ಪಲಿಲ್ಲ.

"ಒಂಬತ್ತನ್ನ ತಿರುವಿ ಹಾಕಿದ್ರ ಆರು ಆಗ್ತೈತಲ್ಲ ಚಾಚಾ," ಅಂದರು ದೊಡ್ಡಪ್ಪ.

"ನಿಮ್ಮನ್ನ ತಿರುವಿ ನಿಲ್ಲಿಸಿದ್ರ ನಿಮ್ಮ ತಮ್ಮ ಆಗ್ತಾರೇನ್ರಿ ಸಾವ್ಕಾರ್ರ?" ಅಂದರು ಚಾಚಾ.

ಅದೇ ಕಾರ್ಖಾನೆಯ, ಅದೇ ಕೈಯ ಅಕ್ಷರ ಬೇಕು. ಕೊನೆಗೆ ಸದಲಗಾದಲ್ಲಿ ಒಬ್ಬ ರೈತನ ಮನೆಯ ಹಳೆ ಡೀಸೆಲ್ ಪಂಪಿನ ಮೇಲೆ ಆ ಕಾರ್ಖಾನೆಯ ಮೀಟರು ಇದೆ ಎಂದು ಗೊತ್ತಾಗಿ, ಒಂದು ಆರರ ಅಂಕಿ ನೋಡುವುದಕ್ಕೆ ಬಸ್ಸು ಹತ್ತಿ ಹೋದರು. ರೈತನ ಮನೆಯವರು ಹಾಲು ಕುಡಿಸಿ ಕಳಿಸಿದರಂತೆ, ಇವರಿಗೆ ತಲೆ ಸರಿಯಿಲ್ಲ ಅಂದುಕೊಂಡು. ತೆಳುಕಾಗದದ ಮೇಲೆ ಆರನ್ನು ಇಳಿಸಿಕೊಂಡು ಬಂದು ನನಗೆ ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

"ನೋಡ ಬೇಟಾ, ಹೊಟ್ಟಿ ಸಣ್ಣದು, ಕುತಗಿ ಉದ್ದ. ಇದನ್ನ ಬರದಾವ ಆವತ್ತು ಊಟ ಮಾಡಿರಲಿಲ್ಲ ಕಾಣಸ್ತೈತಿ."

ಬಿಲ್ಲೆ ಮುಗಿದ ದಿನ ನಾವೆಲ್ಲ ಗ್ಯಾರೇಜಿನಲ್ಲಿ ನಿಂತು ನೋಡಿದೆವು. ಆರರ ಅಂಕಿ ಐದು, ಏಳರ ನಡುವೆ ಹುಟ್ಟಿನಿಂದಲೂ ಅಲ್ಲೇ ಇದ್ದ ಹಾಗೆ ಕೂತಿತ್ತು. ಅದರ ಪಕ್ಕದಲ್ಲಿಯೇ, ಸ್ವಲ್ಪ ಆಚೆ, ಕೆಂಪು ಗೆರೆ.

"ಚಾಚಾ, ಇದೇನು?" ದೊಡ್ಡಪ್ಪನ ಬೆರಳು ಗೆರೆಯ ಮೇಲೆಯೇ ಬಂತು.

"ಮುಳ್ಳಿನ ಮನಿರಿ."

"ಮೂಲದಾಗ ಇತ್ತೇನು?"

"ಇರಲಿಲ್ರಿ."

"ಮತ್ತ ನಮ್ಮಪ್ಪನ ಬಸ್ಸಿಗೆ ನೀವ್ಯಾಕ ಕುಂಕುಮ ಹಚ್ಚೀರಿ?"

ಗ್ಯಾರೇಜಿನವರು ನಕ್ಕರು. ಚಾಚಾ ಕೂಡ ಸ್ವಲ್ಪ ನಕ್ಕರು. "ನಿಮ್ಮಪ್ಪಾರ ಬಸ್ಸ ಇಲ್ಲೇ ಮುಳ್ಳ ನಿಲ್ಲಿಸಿಕೊಂಡು ದುಡದೈತ್ರಿ. ಇದನ್ನ ಬಿಸಿಲ ಬರದಿಟ್ಟಿತ್ತು. ನಾ ಬರೇ ಅದರ ಮ್ಯಾಲ ಬಣ್ಣ ಹಚ್ಚೇನಿ."

"ಬಿಸಿಲಿಗೆ ನಂಬರ ಕೊಡಾವ್ರು ಕೊಲ್ಲಾಪುರದಾಗ ಯಾರೂ ಇಲ್ಲ ಚಾಚಾ. ಅವರು ಗಾಜಿಟ್ಟು ನೋಡ್ತಾರ. ಅಳಿಸಿಬಿಡ್ರಿ."

ಚಾಚಾ ನನ್ನ ಕಡೆ ನೋಡಿದರು. ನಾನು ದೊಡ್ಡಪ್ಪನಿಗೆ ಹೇಳಿದೆ, ಇರಲಿ ಬಿಡಿ ಅಂದೆ. "ನೀ ಸುಮ್ಮಿರವ್ವಾ, ನಿಂಗ ಎತ್ತಿನ ಬಂಡಿ ಹತ್ತಾಕೂ ಹೆದರಿಕಿ," ಅಂದರು ದೊಡ್ಡಪ್ಪ. ಮತ್ತೆ ನಗು. ಚಾಚಾ ಟರ್ಪಂಟೈನಿನಲ್ಲಿ ಕಡ್ಡಿಗೆ ಸುತ್ತಿದ ಹತ್ತಿಯನ್ನು ಅದ್ದಿ ಗೆರೆಯನ್ನು ಒರೆಸಿದರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಒಂದೇ ಎಳೆತಕ್ಕೆ ಹೋಯಿತು. ಹತ್ತಿಯನ್ನು ಜೇಬಿಗೆ ಹಾಕಿಕೊಂಡು ಅವರು ಹೇಳಿದ ಮಾತು ಇದು:

"ಅಳಿಸೇನ್ರಿ ಸಾವ್ಕಾರ್ರ. ಆದ್ರ ಮೊದಲನೇ ಸವಾರಿಗೆ ನಾ ಮುಂದ ಕುಂದರತೀನಿ. ಗೆರಿ ಮಾಡೂ ಕೆಲಸ ನಾ ಮಾಡ್ತೀನಿ."

"ಬರ್ರಿ ಬರ್ರಿ. ತೆಂಗಿನಕಾಯಿ ಪ್ರಸಾದ ನಿಮಗೂ ಒಂದ ಹೋಳು."

ನಮ್ಮ ಮನೆತನದಲ್ಲಿ ಹೊಸ ಗಾಡಿ ಯಾವುದೇ ಬಂದರೂ ಮೊದಲ ಸವಾರಿ ಸ್ತವನಿಧಿಗೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ತವಂದಿ ಘಾಟು ಏರಿದರೆ ಬಸದಿ. ಅವ್ವ, ದೊಡ್ಡವ್ವ, ಅತ್ತೆ, ಅಣ್ಣಂದಿರ ಮಕ್ಕಳು, ಎಲ್ಲ ಹತ್ತಿದೆವು. ಸ್ಟೇರಿಂಗ್ ಹಿಡಿದದ್ದು ಅಜ್ಜನ ಕಾಲದಲ್ಲಿ ಇದೇ ಬಸ್ಸನ್ನು ಓಡಿಸಿದ್ದ ಮುದುಕ ಡ್ರೈವರು. ರಾಯಬಾಗದಿಂದ ದೊಡ್ಡಪ್ಪ ಅವರನ್ನು ಕರೆಸಿ, ಹೊಸ ರುಮಾಲು ಸುತ್ತಿಸಿ ಕೂಡಿಸಿದ್ದರು. ಅವರ ಎಡಗಡೆ, ಎಂಜಿನ್ನಿನ ಮುಚ್ಚಳದ ಪಕ್ಕದ ಸಣ್ಣ ಸೀಟಿನಲ್ಲಿ ಚಾಚಾ. ಅವರ ಹಿಂದೆ ನಾನು. ಇಬ್ಬರ ಹೆಗಲ ನಡುವೆ ನನಗೆ ಆ ಮೀಟರು ನೇರವಾಗಿ ಕಾಣುತ್ತಿತ್ತು.

ಏರುವಾಗ ಎಲ್ಲ ಚೆನ್ನಾಗಿತ್ತು. ಮುಳ್ಳು ಆರರ ಆಚೆ ನಿಂತಿತ್ತು. ಚಾಚಾ ಒಮ್ಮೆಯೂ ರಸ್ತೆ ನೋಡಲಿಲ್ಲ, ಕಿಟಕಿಯ ಹೊರಗೆ ನೋಡಲಿಲ್ಲ. ಪೂಜೆಯಾಯಿತು. ಬಸ್ಸಿಗೆ ಹೂವಿನ ಸರ ಬಿತ್ತು. ಇನ್ನಷ್ಟು ಮೇಲೆ ಹೋಗಿ, ಬಸ್ಸು ತಿರುಗಿಸಿಕೊಂಡು, ನಿಪ್ಪಾಣಿಯ ಕಡೆ ಇಳಿಯಲು ಶುರುಮಾಡಿದೆವು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಪಾಠ ಮಾಡುವಾಗ ಕರಿಹಲಗೆಯ ಮೇಲೆ ಅಂಕಿ ಬರೆದರೆ ಬರುತ್ತದೆ. ಗಾಳಿ ತುಂಬಿಸುವ ಅಂಗಡಿಯ ಮುಂದೆ ಹಾದರೆ ಬರುತ್ತದೆ.

ಮೊದಲ ತಿರುವಿನಲ್ಲಿ ಡ್ರೈವರು ಬ್ರೇಕು ಒತ್ತಿದರು. ಮುಳ್ಳು ಐದಕ್ಕೆ ಇಳಿಯಿತು. ಬ್ರೇಕು ಒತ್ತಿದಾಗ ಸ್ವಲ್ಪ ಇಳಿದು ಮತ್ತೆ ಏರಬೇಕು. ಅದು ಏರಲಿಲ್ಲ. ಎರಡನೇ ಸಲ ಒತ್ತಿದರು. ನಾಲ್ಕರ ಹತ್ತಿರ ಬಂತು. ಹಿಂದೆ ಮಕ್ಕಳು ಹಾಡುತ್ತಿದ್ದರು.

"ಹವಾ ಇಳಿಯಾಕತ್ತೈತಿ," ಅಂದರು ಚಾಚಾ, ಮೆಲ್ಲಗೆ.

ಡ್ರೈವರು ಮೀಟರಿನ ಕಡೆ ನೋಡಿ ನಕ್ಕರು. ಬೆರಳಿನಿಂದ ಗಾಜನ್ನು ಟಕ್ ಟಕ್ ಬಡಿದರು. "ಹೊಸಾ ಬಣ್ಣ ಚಾಚಾ. ಮುಳ್ಳ ಎಲ್ಲೋ ಅಂಟಿರಬೇಕು. ಬ್ರೇಕ ಹಿಡಿಯಾಕತ್ತೈತಲ್ಲ."

ಹಿಂದಿನಿಂದ ದೊಡ್ಡಪ್ಪ ಕೂಗಿ ಹೇಳಿದರು, "ಅದು ಕೊಲ್ಲಾಪುರದಾಗ ತೋರಸಾಕ ಮಾಡಿಸಿದ್ದೋ ಮಾರಾಯಾ, ನೀ ರಸ್ತೆ ನೋಡು!"

ಆಗ ಅದು ನಡೆಯಿತು. ಚಾಚಾ ತಮ್ಮ ಬಲಗೈ ಎತ್ತಿದರು. ಬೆರಳು ಮಡಚಿದರು. ಮೀಟರಿನ ಗಾಜಿನ ಮೇಲೆ, ಟಕ್, ಒಮ್ಮೆ ಬಡಿದರು.

ನಾನು ಸೀಟಿನ ಕಂಬಿ ಹಿಡಿದೆ. ಮುಳ್ಳು ಇಳಿದದ್ದಕ್ಕಲ್ಲ. ಅವರು ಬಡಿದದ್ದಕ್ಕೆ. ಅಷ್ಟು ವರ್ಷಗಳಲ್ಲಿ ಯಾರಿಗೂ ಗಾಜು ಬಡಿಯಲು ಬಿಡದವರು ತಾವೇ ಬಡಿದರು ಅಂದರೆ, ಆ ಮುಳ್ಳು ಖರೆಯೋ ಸುಳ್ಳೋ ಅವರಿಗೇ ತಿಳಿಯುತ್ತಿಲ್ಲ. ಅವರಿಗೆ ತಿಳಿಯದಿದ್ದರೆ ಈ ಬಸ್ಸಿನಲ್ಲಿ ಯಾರಿಗೂ ತಿಳಿಯದು. ಮುಳ್ಳಿನ ಆಚೆ, ಆರರ ಪಕ್ಕ, ಗೆರೆ ಇರಬೇಕಾಗಿದ್ದ ಜಾಗ ಬರೀ ಕಪ್ಪಾಗಿ, ಚೆಂದವಾಗಿ, ಹೊಳೆಯುತ್ತಿತ್ತು.

ಮುಳ್ಳು ಅಲುಗಲಿಲ್ಲ. ಬಡಿದದ್ದಕ್ಕೆ ಏರಲಿಲ್ಲ, ಇಳಿಯಲಿಲ್ಲ. ಎಲ್ಲೋ ಅಂಟಿದ ಮುಳ್ಳಾಗಿದ್ದರೆ ಆ ಪೆಟ್ಟಿಗೆ ಜಿಗಿಯಬೇಕಿತ್ತು. ಅವರು ಒಂದು ಗಳಿಗೆ ಹಾಗೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಉಂಗುರ.

"ಬೇಟಾ, ಹುಡುಗರನ್ನ ಕೆಳಗ ಕೂಡಸು. ನೆಲದ ಮ್ಯಾಲ. ಲಗೂನ."

ನಾನು ಎದ್ದೆ. ಮಕ್ಕಳನ್ನು ಎಳೆದು ಎಳೆದು ಸೀಟಿನ ನಡುವೆ ಕೂಡಿಸುತ್ತಿದ್ದೆ, ದೊಡ್ಡವ್ವ "ಏನ ಮಾಡಾಕತ್ತೀಯೇ, ಹೊಸಾ ಬಟ್ಟಿ!" ಅನ್ನುತ್ತಿದ್ದಳು. ಮುಂದಿನಿಂದ ಚಾಚಾನ ದನಿ ಕೇಳುತ್ತಿತ್ತು, ಅಕ್ಷರ ಬರೆಯುವಾಗ ಮಾತಾಡುವ ದನಿಯೇ, ಏರಿರಲಿಲ್ಲ.

"ಮೀಟರ ಖರೆ ಹೇಳಾಕತ್ತೈತಿ. ಬ್ರೇಕಿನ ಮ್ಯಾಲಿಂದ ಕಾಲ ತಗಿ. ಒತ್ತಿದಷ್ಟು ಹವಾ ಹೋಗ್ತೈತಿ. ಗೇರ ಇಳಸು."

"ಚಾಚಾ—"

"ಇಳಸಪಾ."

ಡ್ರೈವರಿಗೆ ಆಗ ನಂಬಿಕೆ ಬಂತು. ಯಾಕೆಂದರೆ ಮೂರನೇ ಸಲ ಒತ್ತಿದ ಬ್ರೇಕು ಅರ್ಧ ಮಾತ್ರ ಹಿಡಿದಿತ್ತು. ಅವರು ಗೇರು ಇಳಿಸಿದರು. ಹಲ್ಲುಗಳು ಒಂದಕ್ಕೊಂದು ಕಚ್ಚಿ ಇಡೀ ಬಸ್ಸು ಚೀರಿತು. ಮಕ್ಕಳ ಹಾಡು ನಿಂತಿತು. ಕಿಟಕಿಯ ಹೊರಗೆ ಗುಡ್ಡ ಓಡುತ್ತಿತ್ತು. ಮುಂದೆ ಕಬ್ಬು ಹೇರಿದ ಎರಡು ಟ್ರೇಲರ್ ಡಬ್ಬಿಗಳನ್ನು ಎಳೆಯುತ್ತಾ ಒಂದು ಟ್ರ್ಯಾಕ್ಟರು ನಡೆದುಕೊಂಡು ಹೋಗುವಷ್ಟು ನಿಧಾನವಾಗಿ ಇಳಿಯುತ್ತಿತ್ತು. ಹಿಂದಿನ ಡಬ್ಬಿಯ ಕಬ್ಬಿನ ಸೋಗೆ ಗಾಳಿಗೆ ಅಲುಗುವುದು ನನಗೆ ಕಾಣುತ್ತಿತ್ತು, ಅಷ್ಟು ಹತ್ತಿರ.

ಡ್ರೈವರು ಕೈಬ್ರೇಕು ಎಳೆದರು. ಸುಟ್ಟ ವಾಸನೆ ಬಂತು. ಕಾಲು ಬ್ರೇಕಿನ ಕಡೆ ತಾನಾಗಿಯೇ ಹೋಯಿತು.

"ಬ್ಯಾಡ!" ಚಾಚಾ ಅವರ ತೊಡೆಯ ಮೇಲೆ ಎಡಗೈ ಇಟ್ಟು ಒತ್ತಿ ಹಿಡಿದರು. ಬಲಗೈ ಮೀಟರಿನ ಚೌಕಟ್ಟಿನ ಮೇಲಿತ್ತು. ಮುಳ್ಳಿನ ಹತ್ತಿರ ಮುಖ ಇಟ್ಟು ಓದುತ್ತಿದ್ದರು. "ಮೂರು. ಮೂರಕ್ಕ ಕಡಿಮಿ. ಇನ್ನ ಒಂದ ಸಲ ಹಿಡೀತೈತಿ. ಒಂದ ಸಲ ಅಷ್ಟ. ಈಗ ಬ್ಯಾಡ. ಟ್ರ್ಯಾಕ್ಟರ್ ದಾಟು."

ಬಲಗಡೆಯಿಂದ ದಾಟಿದೆವು. ಕಬ್ಬಿನ ಜಲ್ಲೆಗಳು ಕಿಟಕಿಯ ಕಂಬಿಗೆ ಬಡಿದು ಪಟಪಟ ಮುರಿದವು. ಒಂದು ಜಲ್ಲೆ ಒಳಗೆ ಬಂದು ಅತ್ತೆಯ ತೊಡೆಯ ಮೇಲೆ ಬಿತ್ತು. ಯಾರೂ ಕಿರುಚಲಿಲ್ಲ. ಇದು ನನಗೆ ಈಗಲೂ ಆಶ್ಚರ್ಯ. ಅವ್ವ ಒಬ್ಬಳು ಣಮೋಕಾರ ಮಂತ್ರ ಹೇಳುತ್ತಿದ್ದಳು, ಒಂದೇ ಉಸಿರಿಗೆ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಮುಂದೆ ಎಡಗಡೆ, ರಸ್ತೆ ಅಗಲ ಮಾಡುವವರು ಸುರಿದ ಗರಸುಮಣ್ಣಿನ ರಾಶಿ ಇತ್ತು. ಕೆಂಪಗೆ, ಮನೆಯ ಎತ್ತರಕ್ಕೆ. ಅದರ ಆಚೆ ರಸ್ತೆ ಮತ್ತೆ ತಿರುಗುತ್ತಿತ್ತು, ತಿರುವಿನ ಆಚೆ ಏನೂ ಇರಲಿಲ್ಲ, ಆಕಾಶ ಇತ್ತು.

"ಗರಸಿಗೆ ಹಾಕು," ಅಂದರು ಚಾಚಾ. "ತಡಿ. ತಡಿ. ಈಗ! ಈಗ ಒತ್ತು!"

ಉಳಿದಿದ್ದ ಗಾಳಿಯೆಲ್ಲ ಒಮ್ಮೆಗೇ ಹೋಯಿತು. ಉಸ್ಸೆಂದು ದೊಡ್ಡ ಪ್ರಾಣಿಯೊಂದು ಕೊನೆಯುಸಿರು ಬಿಟ್ಟ ಹಾಗೆ. ಬಸ್ಸು ಒಮ್ಮೆ ಮುಗ್ಗರಿಸಿತು, ವೇಗ ಮುರಿಯಿತು, ಮೂತಿ ಗರಸಿನೊಳಗೆ ಹೊಕ್ಕಿತು.

ಆಮೇಲಿನ ಸದ್ದಿಲ್ಲದ ಹೊತ್ತು. ಕೆಂಪು ಧೂಳು. ಪ್ರಸಾದದ ತೆಂಗಿನ ಹೋಳೊಂದು ನೆಲದ ಮೇಲೆ ಉರುಳಿಕೊಂಡು ಮುಂದಕ್ಕೆ ಹೋಗಿ ಎಂಜಿನ್ನಿನ ಮುಚ್ಚಳಕ್ಕೆ ತಾಗಿ ನಿಂತಿತು. ಮಕ್ಕಳ ಅಳು ಶುರುವಾದದ್ದು ಅದಾದ ಮೇಲೆ. ಎಲ್ಲರಿಗೂ ಗಾಯ, ಯಾರಿಗೂ ಜೀವಕ್ಕೆ ಅಪಾಯವಿಲ್ಲ. ಅವ್ವ ಇನ್ನೂ ಮಂತ್ರ ಹೇಳುತ್ತಲೇ ಇದ್ದಳು, ನಿಲ್ಲಿಸು ಅಂದರೂ ಅವಳಿಗೆ ನಿಲ್ಲಿಸಲು ಬರುತ್ತಿರಲಿಲ್ಲ.

ಚಾಚಾ ತಮ್ಮ ಸೀಟಿನ ಕೆಳಗೆ ಕೂತಿದ್ದರು. ಬಲಗೈ ತೊಡೆಯ ಮೇಲಿತ್ತು, ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಮೀಟರಿನ ಚೌಕಟ್ಟಿಗೂ ಮುಂದಿನ ಕಂಬಿಗೂ ನಡುವೆ ಸಿಕ್ಕಿಕೊಂಡಿತ್ತು. ಕೊನೆಯವರೆಗೂ ಕೈ ಬಿಟ್ಟಿರಲಿಲ್ಲ.

"ಬೇಟಾ, ಮುಳ್ಳ ಎಲ್ಲಿ ಐತಿ ನೋಡು," ಅಂದರು.

ಗಾಜು ಸೀಳಿತ್ತು. "ಸೊನ್ನಿ ಮ್ಯಾಲ ಐತಿ ಚಾಚಾ."

"ಹಾಂ," ಅಂದರು. "ಖರೆ ಐತಿ." ಕಣ್ಣು ಮುಚ್ಚಿಕೊಂಡರು.

ಹಿಂದಿನ ಗಾಲಿಯ ಹತ್ತಿರದ ಒಂದು ರಬ್ಬರ್ ಪೈಪು ಸೀಳಿ ಗಾಳಿ ಹೋಗಿತ್ತು ಎಂದು ಗ್ಯಾರೇಜಿನವರು ಆಮೇಲೆ ತೋರಿಸಿದರು. ಅದೂ ಮೂಲದ್ದೇ.

ಆಸ್ಪತ್ರೆಯಲ್ಲಿ ಅವರ ಕೈಯೊಳಗೆ ಸಲಾಕಿ ಹಾಕಿದರು. ಎಲುಬು ಕೂಡಿತು, ಆದರೆ ಬೆರಳುಗಳು ನಡುಗುವುದು ನಿಲ್ಲಲಿಲ್ಲ. ನಾನು ಹೋಗಿ ಅಂಗಡಿಯ ಹಿಂದೆಯೇ ಇದ್ದ ಅವರ ಮನೆಯಲ್ಲಿ ಕೂರುತ್ತಿದ್ದೆ. ಒಂದು ದಿನ ಅವರೇ ಆ ಮಾತು ತೆಗೆದರು.

"ನೀ ನೋಡಿದಿ ಅಲ್ಲ, ನಾ ಬಡದದ್ದು."

"ನೋಡಿದೆ ಚಾಚಾ."

"ಗೆರಿ ಇದ್ದಿದ್ರ ಬಡೀತಿರಲಿಲ್ಲ. ಕೆಂಪ ಕಂಡಕೂಡ್ಲೆ ಗಾಡಿ ನಿಲ್ಲಸಂತಿದ್ನಿ. ಅದು ಇರಲಿಲ್ಲ ನೋಡು, ನನ್ನ ಕೈ ಮ್ಯಾಲ ನನಗ ಸಂಶೆ ಬಂತು. ಮುಳ್ಳ ಕೂಡಸೂವಾಗ ನಾನ ಎಲ್ಲೆರ ತಪ್ಪಿದ್ನೇನೋ ಅನಿಸ್ತು." ಬಲಗೈಯನ್ನು ಎಡಗೈಯಿಂದ ಮಡಿಲಿಗೆ ಎಳೆದುಕೊಂಡರು. "ಅಷ್ಟೊತ್ತಿನಾಗ ಎಷ್ಟ ಇಳಿಜಾರ ಇಳದ್ವಿ ಬೇಟಾ?"

ರಾತ್ರಿ ಎಚ್ಚರಾದಾಗ ನಾನು ಲೆಕ್ಕ ಹಾಕುವುದೂ ಅದನ್ನೇ ಎಂದು ಅವರಿಗೆ ಹೇಳಲಿಲ್ಲ.

ದೊಡ್ಡಪ್ಪ ಬಹಳ ದಿನ ಅವರ ಮುಂದೆ ಬರಲಿಲ್ಲ. ಒಂದು ಮುಂಜಾನೆ ನನಗೆ ಫೋನು ಮಾಡಿ, "ನಿಪ್ಪಾಣಿಗೆ ಹೋಗೂಣು, ನೀನೂ ಬಾ," ಅಂದರು. ಹೆಗಲ ಮೇಲಿನ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡಿದ್ದರು. ಚಾಚಾನ ಮನೆಯ ಚಾಪೆಯ ಮೇಲೆ ಕೂತು ಅದನ್ನು ಬಿಚ್ಚಿದರು. ಮೀಟರು. ಹೊಸ ಗಾಜಿಗಾಗಿ ಬಿಚ್ಚಿದ್ದು, ಬಿಲ್ಲೆ ಬರಿಮೈಯಲ್ಲಿತ್ತು.

"ಚಾಚಾ," ಅಂದರು. ಬಿಲ್ಲೆಯನ್ನು ಮುಂದಕ್ಕೆ ಸರಿಸಿದರು.

"ಏನ್ರಿ ಸಾವ್ಕಾರ್ರ?"

"ಗೆರಿ ಹಾಕ್ರಿ."

"ಈ ಕೈಲೆ?" ಚಾಚಾ ನಡುಗುವ ಕೈಯನ್ನು ಎತ್ತಿ ತೋರಿಸಿದರು. "ಮುಳ್ಳಿನ ಮನಿ ಅಲ್ಲ, ಓಣಿನ ಆಗ್ತೈತಿ."

"ಎಡಗೈಲೆ ಹಾಕ್ರಿ. ಸೊಟ್ಟ ಆದ್ರ ಆಗ್ಲಿ."

"ಬ್ಯಾರೆ ಯಾರ ಕಡಿಂದಾರ—"

"ಬ್ಯಾರೆದವ್ರದ್ದು ನಂಗ ಬ್ಯಾಡ."

ಚಾಚಾ ಭೂತಗನ್ನಡಿ ತರಲು ಹೇಳಿದರು. ಅದನ್ನು ಕಣ್ಣಿಗೆ ನಾನು ಸಿಕ್ಕಿಸಿದೆ. ಉಂಗುರದ ತಗ್ಗಿನಲ್ಲಿ ಅದು ತಾನಾಗಿಯೇ ಕೂತಿತು. ಕೆಂಪು ಡಬ್ಬಿ ತೆರೆದೆ. ಅವರು ಎಡಗೈಯಲ್ಲಿ ಕುಂಚ ಹಿಡಿದು, ಉಸಿರು ಬಿಟ್ಟು, ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ದೊಡ್ಡಪ್ಪನೂ ನಿಲ್ಲಿಸಿದ್ದರು, ನನಗೆ ಗೊತ್ತಾಯಿತು. ಹೊರಗೆ ವಖಾರಿಯಲ್ಲಿ ತಂಬಾಕು ಬಡಿಯುತ್ತಿದ್ದರು. ಯಾರೂ ಸೀನಲಿಲ್ಲ.

ಗೆರೆ ದಪ್ಪವಾಯಿತು. ಸ್ವಲ್ಪ ಬಾಗಿತು. ಚಾಚಾ ಅದನ್ನು ನೋಡಿ, "ಎಡಗೈ ಹೊಟ್ಟಿ ತುಂಬಾ ಉಂಡೈತಿ," ಅಂದರು. ದೊಡ್ಡಪ್ಪ ನಗಲು ಹೋಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಬಸ್ಸಿನ ಪೈಪುಗಳನ್ನೆಲ್ಲ ಹೊಸದು ಹಾಕಿಸಿದರು. ಮುಂದಿನ ಪ್ರದರ್ಶನಕ್ಕೆ ಬಸ್ಸು ಕೊಲ್ಲಾಪುರಕ್ಕೆ ಹೋಯಿತು. ಪರೀಕ್ಷೆ ಮಾಡಲು ಬಂದವರು ಗೆರೆಯ ಮೇಲೆ ಬೆರಳಿಟ್ಟು, ಇದು ಮೂಲದ್ದಲ್ಲವಲ್ಲ ಎಂದು ಮರಾಠಿಯಲ್ಲಿ ಕೇಳಿದರಂತೆ. "ಅದೊಂದ ಮೂಲದ್ದು," ಅಂದರಂತೆ ದೊಡ್ಡಪ್ಪ. "ಉಳದದ್ದೆಲ್ಲಾ ಹೊಸಾ ಬಣ್ಣ." ಬಹುಮಾನ ಬರಲಿಲ್ಲ.

ಕಳೆದ ಮಳೆಗಾಲಕ್ಕೆ ಮೊದಲು ಚಾಚಾ ತೀರಿಕೊಂಡರು. ಎದೆನೋವು, ಅಷ್ಟೇ, ಆಸ್ಪತ್ರೆ ಮುಟ್ಟಲಿಲ್ಲ. ನಾನು ಚಿಕ್ಕೋಡಿಯಿಂದ ಹೋಗುವ ಹೊತ್ತಿಗೆ ಬಿಳಿ ಬಟ್ಟೆ ಹೊದಿಸಿದ್ದರು, ಮುಖವೊಂದು ತೆರೆದಿತ್ತು. ಎರಡು ಕಣ್ಣೂ ಮುಚ್ಚಿದ್ದವು. ಉಂಗುರ ಇತ್ತು. ಅವರ ಮಗಳು ನನ್ನ ಕೈ ಹಿಡಿದು, "ನಮ್ಮ ಅಬ್ಬಾ ನಿಮ್ಮ ಹೆಸರ ಬಾಳ ತಗೀತಿದ್ರು," ಅಂದಳು. ಗಲ್ಲಿಯ ಕೊನೆಯವರೆಗೆ ಹೆಂಗಸರ ಜೊತೆ ನಿಂತು ನೋಡಿ ಬಂದೆ.

ಆ ಬಸ್ಸನ್ನು ನಾನು ಮತ್ತೆ ಹತ್ತಲಾರೆ ಅಂದುಕೊಂಡಿದ್ದೆ. ಅವ್ವ ಯಡೂರಿಗೆ, ಒಬ್ಬ ಗೆಳತಿಯ ಮನೆಗೆ ಹೋಗಬೇಕೆಂದಾಗ ದೊಡ್ಡಪ್ಪ ಬಸ್ಸು ತೆಗೆದರು; ನಾನು ಹೋದೆ. ಮುಂದೆ, ಎಂಜಿನ್ನಿನ ಪಕ್ಕದ ಆ ಸಣ್ಣ ಸೀಟಿನಲ್ಲಿ ಕೂತೆ. ಅಲ್ಲಿ ಯಾರೋ ಕೂರಬೇಕಲ್ಲ. ರಸ್ತೆ ನೇರ, ಸಮತಟ್ಟು, ಎರಡೂ ಕಡೆ ಕಬ್ಬು. ಹೆದರುವಂಥದ್ದು ಏನೂ ಇರಲಿಲ್ಲ. ನಾನು ದಾರಿಯುದ್ದಕ್ಕೂ ಮೀಟರನ್ನೇ ನೋಡಿದೆ.

ಎಂಜಿನ್ ಶುರುವಾದಾಗ ಮುಳ್ಳು ಸೊನ್ನೆಯಿಂದ ಏಳುತ್ತದೆ. ನಿಧಾನಕ್ಕೆ ಐದು ದಾಟಿ, ಸದಲಗಾದಿಂದ ಬಂದ ಆ ಹಸಿದ ಹೊಟ್ಟೆಯ ಆರನ್ನು ದಾಟಿ, ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಆದರೆ ಎಡಗೈಯ ಗೆರೆ ಮುಳ್ಳಿಗಿಂತ ದಪ್ಪ. ಗಾಳಿ ಎಷ್ಟೇ ತುಂಬಿರಲಿ, ಪೈಪು ಎಷ್ಟೇ ಹೊಸದಿರಲಿ, ಮುಳ್ಳು ಅದನ್ನು ಪೂರ್ತಿ ಮುಚ್ಚುವುದಿಲ್ಲ. ಅಂಚಿನಲ್ಲಿ ಒಂದಿಷ್ಟು ಕೆಂಪು ಕಾಣುತ್ತಲೇ ಇರುತ್ತದೆ.

ನಾನು ಅದನ್ನು ಬಡಿಯುವುದಿಲ್ಲ. ನೋಡುತ್ತಾ ಕೂರುತ್ತೇನೆ.